ಹಲಸಿಯ ಹಾದಿಯಲ್ಲಿ

ಪ್ರವಾಸಕ್ಕೆ ಹೊರಟವನ ಬಳಿ ಎರಡು ಬಗೆಯ ಸಾಮಾನುಗಳಿರುತ್ತವೆ: ಕೈಯಲ್ಲಿ ಹಿಡಿದದ್ದೊಂದು, ಮನಸ್ಸಿನಲ್ಲಿ ಹೊತ್ತದ್ದೊಂದು. ಕಳೆದ ಕಾರ್ತಿಕ ಮಾಸದಲ್ಲಿ ನಾನು ಬೆಳಗಾವಿಯ ರೈಲು ನಿಲ್ದಾಣದಲ್ಲಿ ಇಳಿದಾಗ ಕೈಯಲ್ಲಿದ್ದುದು ಒಂದು ಸಣ್ಣ ಚೀಲ ಮಾತ್ರ. ಮನಸ್ಸಿನ ಹೊರೆಯಾದರೋ ನನ್ನದಲ್ಲ. ಕಾಲೇಜಿನ ದಿನಗಳಿಂದಲೂ ಜೊತೆಗಿದ್ದ ಗೆಳೆಯನೊಬ್ಬನದು. ವಾರದ ಹಿಂದೆ ಆತ ದೂರವಾಣಿಯಲ್ಲಿ ಹೇಳಿದ್ದನು:

“ಹುಡುಗಿ ಬಂದಾಳ. ನೀ ನಾಕು ದಿನ ಬಂದು ಹೋಗು. ಹಲಸಿ ನೋಡಬೇಕಂತಿದ್ದೆಲ್ಲ, ಅದನೂ ನೋಡೂಣು.”

ಹಲಸಿಯದು ನೆಪವೆಂಬುದು ನನಗೆ ತಿಳಿಯದೆ ಹೋಗಲಿಲ್ಲ.

ಗೆಳೆಯನದು ಜೈನ ಮನೆತನ. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಗಡ್ಡೆಗೆಣಸು ಒಳಗೆ ಬರುವುದಿಲ್ಲ. ನೀರನ್ನು ಸೋಸದೆ ಕುಡಿಯುವವರಿಲ್ಲ. ಅಂಥ ಮನೆಯಲ್ಲಿ ಬೆಳೆದ ಒಬ್ಬಳೇ ಮಗಳು ಹತ್ತು ವರ್ಷಗಳ ಹಿಂದೆ ಓದಿಗೆಂದು ಅಮೆರಿಕದ ಯೂಟಾ ಸಂಸ್ಥಾನಕ್ಕೆ ಹೋದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಅಲ್ಲಿಂದ ಒಂದು ಸುದ್ದಿ ಬಂದಿತು: ಆಕೆ ಮಾರ್ಮನ್ ಪಂಥಕ್ಕೆ ಸೇರಿ ದೀಕ್ಷಾಸ್ನಾನ ಪಡೆದಿದ್ದಳು. ಗೆಳೆಯನು ಆರು ತಿಂಗಳು ಮಗಳೊಡನೆ ಮಾತನಾಡಲಿಲ್ಲ. ಬಳಿಕ ಮಾತನಾಡಿದನು, ಆದರೆ ಆ ವಿಷಯವನ್ನು ಎತ್ತಲಿಲ್ಲ. ಈಗ, ಏಳು ವರ್ಷಗಳಾದ ಮೇಲೆ, ಆಕೆ ಆ ಸಭೆಯನ್ನು ಬಿಟ್ಟಿರುವಳೆಂಬ ಸುದ್ದಿಯೂ ಬಂದಿತು; ಸುದ್ದಿಯ ಹಿಂದೆಯೇ ಆಕೆಯೂ ರಜೆಯ ಮೇಲೆ ಊರಿಗೆ ಬಂದಳು.

“ಖುಷಿಯ ಸುದ್ದಿ ಅಲ್ಲವೇ?” ಎಂದು ನಾನು ಕೇಳಿದ್ದೆ.

“ಅದ ತಿಳೀವಲ್ದು,” ಎಂದಿದ್ದನು ಗೆಳೆಯ.

ಮನೆ ಸೇರಿದಾಗ ಬೆಳಗಿನ ಏಳು ಗಂಟೆ. ಬೆಳಗಾವಿಯ ಕಾರ್ತಿಕದ ಚಳಿ ಹಿತವಾಗಿತ್ತು. ಗೆಳೆಯನ ಮಡದಿ, “ಬರ್ರಿ ಅಣ್ಣಾರ, ಕೈಕಾಲು ತೊಳಕೊಳ್ರಿ, ಚಹಾ ಆತು,” ಎಂದು ಉಪಚರಿಸಿದರು. ಮೂರು ಲೋಟಗಳಲ್ಲಿ ಚಹಾ ಬಂದಿತು. ನಾಲ್ಕನೆಯದರಲ್ಲಿ ಏಲಕ್ಕಿ ಹಾಕಿದ ಬಿಸಿ ಹಾಲು. ಹಾಲಿನ ಲೋಟ ಯಾರ ಮುಂದೆ ಕುಳಿತಿತೆಂದು ಬೇರೆ ಹೇಳಬೇಕಾಗಿಲ್ಲ. ಮಾರ್ಮನ್ ಪಂಥದವರು ಚಹಾ, ಕಾಫಿ, ಮದ್ಯ, ತಂಬಾಕು ಇವನ್ನು ಮುಟ್ಟುವುದಿಲ್ಲ. 1833ರಷ್ಟು ಹಿಂದೆಯೇ ಅವರಿಗೆ ಈ ವಿಧಿಯಾಯಿತು. ಹಿಂದೊಮ್ಮೆ ಮಗಳು ಊರಿಗೆ ಬಂದಾಗ ‘ಚಹಾ ಬ್ಯಾಡವ್ವಾ’ ಎಂದಿದ್ದಳಂತೆ. ಏಕೆಂದು ಆ ತಾಯಿ ಕೇಳಲಿಲ್ಲ. ಮರುದಿನದಿಂದ ಒಂದು ಲೋಟ ಹಾಲು ಬೇರೆ ಕಾಯಿಸತೊಡಗಿದರು. ಪಂಥ ಬಿಟ್ಟ ಸುದ್ದಿ ಬಂದ ಮೇಲೂ ಕೇಳಲಿಲ್ಲ. ಹಾಲು ಕಾಯಿಸುವುದನ್ನು ನಿಲ್ಲಿಸಲೂ ಇಲ್ಲ.

ಮೊದಲ ದಿನ ನಾವು ಕೋಟೆಯನ್ನು ನೋಡಲು ಹೋದೆವು.

ಬೆಳಗಾವಿಯ ಕೋಟೆಯನ್ನು ಕಾಣದ ವಾಚಕರಿಗೆ ಒಂದು ಮಾತು ಹೇಳಬೇಕು. ನಮ್ಮ ನಾಡಿನ ಅನೇಕ ಕೋಟೆಗಳಂತೆ ಇದು ಬೆಟ್ಟದ ನೆತ್ತಿಯ ಮೇಲೆ ಕುಳಿತಿಲ್ಲ. ಸಮನೆಲದಲ್ಲಿ, ಸುತ್ತ ಆಳವಾದ ಕಂದಕದ ನಡುವೆ ದುಂಡಗೆ ಹರಡಿದೆ. ಹೆಬ್ಬಾಗಿಲು ದಾಟಿ ಒಳಹೊಕ್ಕರೆ ಕಪ್ಪು ಕಲ್ಲಿನ ಕಮಲ ಬಸದಿ. ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರ ಸುಮಾರಿಗೆ ಕಟ್ಟಿಸಿದ ನೇಮಿನಾಥನ ಮಂದಿರವಿದು. ನವರಂಗದ ನಡುವೆ ನಿಂತು ತಲೆಯೆತ್ತಿದರೆ ಛತ್ತಿನಿಂದ ಕಲ್ಲಿನ ತಾವರೆಯೊಂದು ಕೆಳಮುಖವಾಗಿ ಅರಳಿರುವುದನ್ನು ಕಾಣಬಹುದು. ಅಲ್ಲಿಂದ ತುಸು ದೂರ ನಡೆದರೆ ಬಿಜಾಪುರದ ಆದಿಲಶಾಹಿ ಸರದಾರ ಅಸದ್ ಖಾನನು 1519ರಲ್ಲಿ ಕಟ್ಟಿಸಿದ ಸಫಾ ಮಸೀದಿ. ಇನ್ನೂ ಮುಂದೆ ಹೋದರೆ ರಾಮಕೃಷ್ಣ ಮಿಷನ್ನಿನ ಆಶ್ರಮ. ಕೋಟೆಯನ್ನು ಆಳಿದವರು ಒಬ್ಬರಾದ ಮೇಲೊಬ್ಬರು ಹೋದರು. ಅವರವರು ನಂಬಿದ ದೇವರುಗಳ ಮನೆಗಳು ಮಾತ್ರ ನೆರೆಹೊರೆಯಾಗಿ ಉಳಿದಿವೆ.

ಗೆಳೆಯನು ಬಸದಿಯಲ್ಲಿ ದರ್ಶನ ಮಾಡಿ ಬರುವವರೆಗೆ ಮಗಳು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಒಳಗೆ ಬಾರೆಂದು ಆತ ಕರೆಯಲಿಲ್ಲ. ಆದರೆ ಮೆಟ್ಟಿಲೇರುವಾಗ ಎರಡು ಸಲ ಹಿಂತಿರುಗಿ ನೋಡಿದನು. ಕರೆಯುವುದಕ್ಕಿಂತ ಆ ನೋಟವೇ ಭಾರವಾಗಿತ್ತೆಂದು ನನಗೆ ಅನ್ನಿಸಿತು.

ಆಶ್ರಮದ ಆವರಣದಲ್ಲಿರುವ ಹಳೆಯ ಮನೆಗೆ ಒಂದು ಕಥೆಯಿದೆ. 1892ರ ಅಕ್ಟೋಬರಿನಲ್ಲಿ, ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಇನ್ನೂ ಒಂದು ವರ್ಷವಿರುವಾಗ, ಹೆಚ್ಚು ಜನರಿಗೆ ಪರಿಚಯವಿಲ್ಲದ ತರುಣ ಸಂನ್ಯಾಸಿಯೊಬ್ಬರು ಕೊಲ್ಲಾಪುರದಿಂದ ಬೆಳಗಾವಿಗೆ ಬಂದರು. ಅವರೇ ಸ್ವಾಮಿ ವಿವೇಕಾನಂದರು. ಮೊದಲು ಇಳಿದುಕೊಂಡದ್ದು ರಿಸಾಲದಾರ ಗಲ್ಲಿಯ ವಕೀಲ ಭಾಟೆಯವರ ಮನೆಯಲ್ಲಿ. ಅಕ್ಟೋಬರ್ 18ರಂದು ಭಾಟೆಯವರು ಅವರನ್ನು ಅರಣ್ಯ ಇಲಾಖೆಯ ಅಧಿಕಾರಿ ಹರಿಪದ ಮಿತ್ರರ ಬಳಿಗೆ ಕರೆತಂದರು.

ಹರಿಪದರಿಗೆ ಸಂನ್ಯಾಸಿಗಳಲ್ಲಿ ನಂಬಿಕೆಯಿರಲಿಲ್ಲ. ಕಾವಿ ತೊಟ್ಟವರೆಲ್ಲ ವಂಚಕರೆಂದೇ ಅವರ ಎಣಿಕೆ. ಈತನೂ ಹಣವನ್ನೋ ಮತ್ತೇನನ್ನೋ ಬೇಡಲು ಬಂದವನೆಂದುಕೊಂಡರು. ಆದರೆ ಕೆಲವು ಗಳಿಗೆಯ ಮಾತಿನಲ್ಲಿಯೇ ಮನಸ್ಸು ಬದಲಾಗಿ, ‘ನಮ್ಮ ಮನೆಗೇ ಬಂದು ಇರಿ’ ಎಂದು ಒತ್ತಾಯಿಸಿದರು. ಅದಕ್ಕೆ ಸ್ವಾಮಿಗಳು ಕೊಟ್ಟ ಉತ್ತರವನ್ನು ಹರಿಪದರು ತಮ್ಮ ಸ್ಮೃತಿಗಳಲ್ಲಿ ಬರೆದಿಟ್ಟಿದ್ದಾರೆ. ಅದರ ತಾತ್ಪರ್ಯವಿಷ್ಟು: ತಾವಿರುವ ಮನೆಯವರು ತಮ್ಮನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದಾರೆ, ಬಂಗಾಳಿಯೊಬ್ಬ ಸಿಕ್ಕಿದನೆಂದು ಒಮ್ಮೆಗೇ ಎದ್ದು ಬಂದರೆ ಅವರ ಮನಸ್ಸು ನೊಂದೀತು, ಆಲೋಚಿಸಿ ತಿಳಿಸುವೆನು. ಕೊನೆಗೆ ಅವರು ಹರಿಪದರ ಮನೆಗೆ ಬಂದದ್ದು ನಿಜ. ಆದರೆ ಒಂದು ಮನೆಯ ಋಣವನ್ನು ಗೌರವದಿಂದ ನೆನೆದ ಮೇಲೆ ಬಂದರು.

ಹರಿಪದರ ಮುಂದಿನ ಕಥೆಯೂ ಕೇಳತಕ್ಕದ್ದೇ. ಮೇಲಧಿಕಾರಿಗಳ ಬಗ್ಗೆ ಗೊಣಗುವುದು, ಇಲ್ಲದ ರೋಗಗಳಿಗೆ ಔಷಧ ನುಂಗುವುದು ಅವರ ಸ್ವಭಾವವಾಗಿತ್ತು. ಅವರ ಅಸುಖದ ಬಹುಪಾಲು ಮನಸ್ಸಿನಲ್ಲಿಯೇ ಇದೆಯೆಂದು ಸ್ವಾಮಿಗಳು ತೋರಿಸಿಕೊಟ್ಟರು. ಹರಿಪದರೂ ಅವರ ಪತ್ನಿಯೂ ಮಂತ್ರದೀಕ್ಷೆ ಪಡೆದರು. ಮನೆ ಬಿಡಲಿಲ್ಲ, ಕೆಲಸ ಬಿಡಲಿಲ್ಲ. ನಂಬದವರೊಬ್ಬರು ನಂಬಿದರು, ಅಷ್ಟೆ. ನಂಬುವ ಮೊದಲಿಗಿಂತ ಹೆಚ್ಚು ಸುಖಿಯಾದೆನೆಂದು ಅವರ ಬರಹದ ಸಾಲುಸಾಲಿನಲ್ಲಿಯೂ ಕಾಣುತ್ತದೆ.

ಈ ಕಥೆಯನ್ನು ನಾನು ಹೇಳಿ ಮುಗಿಸಿದಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಕೇಳಿದಳು: “ಕಾಕಾ, ಅವರು ನಂಬಿ ಸುಖ ಪಡೆದರು, ಖರೆ. ನಂಬಿಕೆ ಹ್ವಾದ ಮ್ಯಾಲ ಸಮಾಧಾನ ಸಿಕ್ಕವರ ಕಥಿ ಯಾರೂ ಬರದಿಲ್ಲೇನ್ರಿ?”

ಗೆಳೆಯನು ಮುಂದೆ ನಡೆದುಹೋಗಿದ್ದನು. ಕಂದಕದ ಬದಿಯಲ್ಲಿ ಕುಳಿತು ಆಕೆ ತನ್ನ ಕಥೆಯನ್ನು ಹೇಳಿದಳು. ನನ್ನ ಮಾತುಗಳಲ್ಲಿ ಅದನ್ನು ಸಂಗ್ರಹಿಸುತ್ತೇನೆ.

ಮಾರ್ಮನ್ ಎಂಬುದು ಹೊರಗಿನವರಿಟ್ಟ ಹೆಸರು. ಸಭೆಯ ನಿಜವಾದ ಹೆಸರು ‘ಕಡೆಯ ದಿನಗಳ ಸಂತರ ಯೇಸು ಕ್ರಿಸ್ತ ಸಭೆ’ ಎಂಬರ್ಥದ ದೀರ್ಘನಾಮ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬ ಯುವಕನು 1830ರಲ್ಲಿ ಇದನ್ನು ಸ್ಥಾಪಿಸಿದನು. 1844ರಲ್ಲಿ ಆತನು ಗುಂಪಿನ ಕೈಯಲ್ಲಿ ಹತನಾದ ಮೇಲೆ ಬ್ರಿಗಮ್ ಯಂಗ್ ಎಂಬಾತನು ಅನುಯಾಯಿಗಳನ್ನು ಸಾವಿರಕ್ಕೂ ಹೆಚ್ಚು ಮೈಲಿ ನಡೆಸಿಕೊಂಡು 1847ರಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿದನು. ಅಲ್ಲಿ ಅವರು ಕಟ್ಟಿದ ದೊಡ್ಡ ಮಂದಿರಕ್ಕೆ 1853ರಿಂದ 1893ರವರೆಗೆ 40 ವರ್ಷ ಹಿಡಿಯಿತು. ಸದಸ್ಯರು ಆದಾಯದ ಹತ್ತನೆಯ ಒಂದು ಪಾಲನ್ನು ಸಭೆಗೆ ಒಪ್ಪಿಸುತ್ತಾರೆ. ತಿಂಗಳಿಗೊಮ್ಮೆ ಭಾನುವಾರ ಉಪವಾಸವಿರುತ್ತಾರೆ. ಸಂಸಾರವು ಸಾವಿನಾಚೆಗೂ ಒಂದಾಗಿ ಉಳಿಯುವುದೆಂದು ನಂಬುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ ಅವರ ಮಂದಿರವೊಂದಕ್ಕೆ 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆಯಾಯಿತು.

ಪರವೂರಿನಲ್ಲಿ ಒಂಟಿಯಾಗಿದ್ದ ಹುಡುಗಿಯನ್ನು ಒಂದು ಸಂಸಾರ ಭಾನುವಾರದ ಊಟಕ್ಕೆ ಕರೆಯಿತು. ಮರುವಾರ ಮತ್ತೆ ಕರೆಯಿತು. ಜ್ವರ ಬಂದಾಗ ಗಂಜಿ ತಂದರು. ಮನೆ ಬದಲಾಯಿಸುವಾಗ ಹತ್ತು ಜನ ಬಂದು ಪೆಟ್ಟಿಗೆ ಹೊತ್ತರು.

“ಎಲ್ಲಾರೂ ತಿಳದದ್ದು, ನಾ ನಮ್ಮ ಮನಿ ಕಟ್ಟುನಿಟ್ಟು ತಪ್ಪಿಸಿಕೊಳ್ಳಾಕ ಹೋದೆ ಅಂತ,” ಎಂದಳು ಆಕೆ. “ಖರೆ ಅಂದ್ರ ಉಲ್ಟಾ. ಅಲ್ಲೀನೂ ಉಪವಾಸ ಇತ್ತು, ಇದು ತಿನಬಾರದು, ಅದು ಕುಡೀಬಾರದು ಅಂತ ಇತ್ತು. ನಂಗ ನಮ್ಮ ಮನೀಗೆ ಬಂದಂಗ ಆತು.”

ಐದು ವರ್ಷ ಆಕೆ ಅಲ್ಲಿ ಸುಖವಾಗಿದ್ದಳು. ಬಳಿಕ ಪ್ರಶ್ನೆಗಳು ಹುಟ್ಟಿದವು. ಯಾರೂ ಕೆಡಕು ಮಾಡಲಿಲ್ಲ. ಯಾರ ಮೇಲೂ ಆಕೆಗೆ ದೂರಿಲ್ಲ. ಪವಿತ್ರವೆಂದು ಎಲ್ಲರೊಡನೆ ಹೇಳುತ್ತಿದ್ದ ಮಾತುಗಳನ್ನು ಹೇಳುವಾಗ ತನ್ನ ನಾಲಿಗೆ ಸುಳ್ಳಾಡುತ್ತಿದೆಯೆಂದು ಅನ್ನಿಸತೊಡಗಿತು. ಒಂದು ಭಾನುವಾರ ಹೋಗಲಿಲ್ಲ; ಇನ್ನೊಂದು ಭಾನುವಾರವೂ ಹೋಗಲಿಲ್ಲ. ಅಂದು ರಾತ್ರಿ ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ರಿಸಿದಳಂತೆ. ಆದರೆ ತಿಂಗಳುಗಳು ಕಳೆದಂತೆ ಭಾನುವಾರದ ಮಧ್ಯಾಹ್ನಗಳು ಬಹು ಉದ್ದವಾದವು.

ಇದು ಆಕೆಯೊಬ್ಬಳ ಅನುಭವವಲ್ಲ. ಅಮೆರಿಕದ ಪ್ಯೂ ಸಂಶೋಧನ ಕೇಂದ್ರವು 2014ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಮಾರ್ಮನ್ ಮನೆಗಳಲ್ಲಿ ಬೆಳೆದವರ ಪೈಕಿ ಶೇಕಡ 64ರಷ್ಟು ಮಂದಿ ಮಾತ್ರ ದೊಡ್ಡವರಾದ ಮೇಲೂ ತಮ್ಮನ್ನು ಮಾರ್ಮನ್ನರೆಂದು ಕರೆದುಕೊಂಡರು. ಹಾಗಾದರೆ ಸುಖವಿರುವುದು ಉಳಿದವರ ಪಾಲಿಗೋ, ಬಿಟ್ಟವರ ಪಾಲಿಗೋ? ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ ಎಂಬ ಇಬ್ಬರು ವಿದ್ವಾಂಸರು 2010ರಲ್ಲಿ ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಪ್ರಕಟಿಸಿದರು. ಪ್ರಾರ್ಥನಾ ಮಂದಿರಗಳಿಗೆ ತಪ್ಪದೆ ಹೋಗುವವರು ಹೆಚ್ಚು ತೃಪ್ತರಾಗಿರುವುದು ನಿಜ. ಆದರೆ ಆ ತೃಪ್ತಿ ಬಹುಮಟ್ಟಿಗೆ ಬರುವುದು ಅಲ್ಲಿ ದೊರೆಯುವ ಗೆಳೆಯರಿಂದ. ಆ ಮಂದಿರದಲ್ಲಿ ಆಪ್ತರಾರೂ ಇಲ್ಲದವನಿಗೆ ಹೋಗಿ ಕುಳಿತ ಮಾತ್ರಕ್ಕೆ ಆ ಲಾಭವಿಲ್ಲ. ಹುಡುಗಿ ಕಳೆದುಕೊಂಡದ್ದು ಏನೆಂಬುದು ಆಗ ನನಗೆ ಅರ್ಥವಾಯಿತು. ದೇವರೊಡನೆ ಆಕೆಯ ಲೆಕ್ಕ ಏನಾದರೂ ಇರಲಿ. ಗಂಜಿ ತರುವ ಹತ್ತು ಮನೆಗಳು ದೂರವಾಗಿದ್ದವು.

“ಈಗ ಅಪ್ಪಾ ಎಲ್ಲಾರಿಗೂ ಹೇಳಾಕ ಹತ್ಯಾನ, ಮಗಳು ತಿರುಗಿ ಬಂದ್ಲು ಅಂತ,” ಎಂದು ಆಕೆ ಕಂದಕದ ಕಡೆ ನೋಡಿದಳು. “ನಾ ಎಲ್ಲಿಗೂ ತಿರುಗಿ ಬಂದಿಲ್ಲ ಕಾಕಾ. ಒಂದು ಮನಿ ಬಿಟ್ಟೀನಿ, ಅಷ್ಟ.”

ಮರುದಿನ ನಸುಕಿನಲ್ಲಿಯೇ ಗೆಳೆಯನ ಹಳೆಯ ಮೋಟಾರು ಹಲಸಿಯ ದಾರಿ ಹಿಡಿಯಿತು. ಹೊರಡುವಾಗ ಆತನ ಮಡದಿ ಬುತ್ತಿಯ ಗಂಟನ್ನೂ ಎರಡು ಫ್ಲಾಸ್ಕುಗಳನ್ನೂ ಒಳಗಿಟ್ಟರು. ಅದು ಅಷ್ಟಾಹ್ನಿಕ ಪರ್ವದ ಕಾಲ. ಜೈನರು ಕಾರ್ತಿಕದ ಹುಣ್ಣಿಮೆಯವರೆಗೆ ಎಂಟು ದಿನ ಆಚರಿಸುವ ಪೂಜೆ. ಆದುದರಿಂದ ಅವರು ಬರಲಿಲ್ಲ. “ಹೊತ್ತು ಮುಳಗೋದ್ರಾಗ ಉಂಡುಬಿಡ್ರಿ,” ಎಂದು ಮಾತ್ರ ಎಚ್ಚರಿಸಿದರು.

ಊರು ದಾಟುವ ಮೊದಲು ದಂಡಿನ ಪ್ರದೇಶದ ಹಳೆಯ ಇಗರ್ಜಿಗಳು ಕಾಣುತ್ತವೆ. ಲಂಡನ್ ಮಿಷನರಿ ಸಂಘದ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದ್ದು 1820ರಲ್ಲಿ. ಆತನ ಜೊತೆಗಾರ ಬೈನನ್‌ನ ಹೆಸರು ಬೈನನ್ ಸ್ಮಿತ್ ಪ್ರೌಢಶಾಲೆಯಲ್ಲಿ ಇಂದಿಗೂ ಉಳಿದಿದೆ. ಅಂದಿನ ಕಾಲದಲ್ಲಿ ಹಿಂದೂ ಧರ್ಮ ಬಿಟ್ಟವನು ಹೆಂಡಿರು ಮಕ್ಕಳನ್ನೂ, ಹೊಲಮನೆಯ ಪಾಲನ್ನೂ ಬಿಡಬೇಕಾಗುತ್ತಿತ್ತು. ಧರ್ಮ ಬಿಟ್ಟ ಕಾರಣಕ್ಕೆ ಆಸ್ತಿಯ ಹಕ್ಕು ಹೋಗಬಾರದೆಂದು 1850ರ 21ನೆಯ ಕಾಯಿದೆ ವಿಧಿಸಿತು. 2021ರ ಡಿಸೆಂಬರಿನಲ್ಲಿ ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಮ್ಮ ವಿಧಾನಸಭೆಯು ಮತಾಂತರದ ಬಗ್ಗೆ ಇನ್ನೊಂದು ವಿಧೇಯಕವನ್ನು ಬಿಸಿ ಚರ್ಚೆಯ ನಡುವೆ ಅಂಗೀಕರಿಸಿತು. 2022ರಲ್ಲಿ ಅದು ಕಾಯಿದೆಯಾಯಿತು. ಹೊಲದ ಪಾಲೆಷ್ಟು, ಬಲವಂತವೆಂದರೇನು ಎಂಬುದನ್ನು ಕಾಯಿದೆ ಹೇಳಬಲ್ಲದು. ಬಿಟ್ಟುಹೋದ ಮಗಳು ಬಂದಾಗ ಅಡುಗೆಮನೆಯಲ್ಲಿ ಏನು ಕಾಯಿಸಬೇಕೆಂಬುದನ್ನು ಯಾವ ಕಾಯಿದೆಯೂ ಹೇಳದು.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಬಯಲು ಸೀಮೆಯ ಕಪ್ಪು ನೆಲ ಇಲ್ಲಿ ಕೆಂಪಾಗುತ್ತದೆ. ಹೊಲಗಳ ನಡುವೆ ಮರಗಳು ಹೆಚ್ಚುತ್ತವೆ. ಮುಂದೆ ದಿಗಂತದಲ್ಲಿ ಸಹ್ಯಾದ್ರಿಯ ನೀಲಿ ಗೆರೆ. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರದ ಮಗ್ಗುಲಲ್ಲಿ ಇನ್ನೂ ಹುಡುಗಿಯಂತೆ ಹರಿಯುತ್ತಾಳೆ. ಊರಿನ ಜೇಡಿಮಣ್ಣು ಒಳ್ಳೆಯದು. ಹಂಚು, ಇಟ್ಟಿಗೆ, ಮಡಕೆಗಳಿಗೆ ಹೆಸರಾದ ಊರು. ಪೇಟೆಯಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಅಂಗಡಿಯಲ್ಲಿ ವ್ಯಾಪಾರ ಮಾಡುತ್ತವೆ.

ಗೋವೆಯಲ್ಲಿ ಪೋರ್ಚುಗೀಸರ ಧರ್ಮವಿಚಾರಣೆಯ ನ್ಯಾಯಾಲಯ 1560ರಲ್ಲಿ ಆರಂಭವಾಗಿ 1812ರವರೆಗೆ ನಡೆಯಿತು. ಆ ಕಾಲದಲ್ಲಿ ತಮ್ಮ ದೇವರನ್ನು ಬಿಡಲಾರದೆ ಊರನ್ನೇ ಬಿಟ್ಟ ಹಿಂದೂ ಕುಟುಂಬಗಳೆಷ್ಟೋ. ಕ್ರೈಸ್ತರಾದ ಮೇಲೂ ಹಳೆಯ ಸಂಪ್ರದಾಯಗಳನ್ನು ಬಿಡಲಾರದೆ ಗಡಿ ದಾಟಿದವರೆಷ್ಟೋ. ಖಾನಾಪುರದ ಕಡೆಯ ಕೊಂಕಣಿ ಕ್ಯಾಥೊಲಿಕರಲ್ಲಿ ಅನೇಕರ ಹಿರಿಯರು ಗೋವೆಯಿಂದ ಘಟ್ಟ ಹತ್ತಿ ಬಂದವರು. ನಂಬಿಕೆಯನ್ನು ಉಳಿಸಿಕೊಳ್ಳಲು ಮನೆ ಬಿಟ್ಟವರಿದ್ದಾರೆ. ಮನೆಯನ್ನು ಉಳಿಸಿಕೊಳ್ಳಲು ನಂಬಿಕೆ ಬದಲಾಯಿಸಿದವರಿದ್ದಾರೆ. ಇವರಲ್ಲಿ ಯಾರು ಸುಖಿಗಳೆಂದು ಇಷ್ಟು ದೂರದಲ್ಲಿ ನಿಂತು ತೀರ್ಪು ಕೊಡಲು ನಾವು ಯಾರು?

ಖಾನಾಪುರ ದಾಟಿದರೆ ನಂದಗಡ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಆತನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಹುಡುಗಿ ಆ ತೊಟ್ಟಿಲುಗಳನ್ನು ಬಹಳ ಹೊತ್ತು ನೋಡಿದಳು. ಗೆಳೆಯನೂ ನೋಡಿದನು, ಆದರೆ ಆತ ನೋಡಿದ್ದು ತೊಟ್ಟಿಲುಗಳನ್ನಲ್ಲ, ಮಗಳನ್ನು.

ಹಲಸಿಯನ್ನು ಮುಟ್ಟಿದಾಗ ಹೊತ್ತು ಏರಿತ್ತು. ಇಂದು ನೋಡಿದರೆ ಮರಗಳ ಮರೆಯ ಒಂದು ಹಳ್ಳಿ. ಸುಮಾರು 1500 ವರ್ಷಗಳ ಹಿಂದೆ ಇದು ಪಲಾಶಿಕಾ; ಬನವಾಸಿಯ ಕದಂಬರ ಇನ್ನೊಂದು ರಾಜಧಾನಿ. ಊರ ನಡುವೆ ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯ. ಇಲ್ಲಿಯ ಶಾಸನ 1169ರದು. ಒಂದೇ ಕಟ್ಟಡದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಒಂದರಲ್ಲಿ ನರಸಿಂಹ, ಇನ್ನೊಂದರಲ್ಲಿ ಭೂದೇವಿಯನ್ನು ಎತ್ತಿದ ವರಾಹ. ನಡುವೆ ನಿಂತರೆ ಒಂದು ದೇವರಿಗೆ ಮುಖಮಾಡಿದಾಗ ಇನ್ನೊಂದಕ್ಕೆ ಬೆನ್ನು ತೋರಲೇಬೇಕು. ಪೂಜಾರಿಗಳಿಗೆ ಅದರಿಂದ ಯಾವ ತೊಂದರೆಯೂ ಆದಂತೆ ಕಾಣಲಿಲ್ಲ.

ಆದರೆ ಹಲಸಿಯನ್ನು ವಿದ್ವಾಂಸರು ನೆನೆಯುವುದು ಇಲ್ಲಿ ದೊರೆತ ತಾಮ್ರಪಟಗಳಿಗಾಗಿ. ಊರ ಹೊರಗಿನ ಚಕ್ರತೀರ್ಥವೆಂಬ ಬಾವಿಯ ಬಳಿಯ ಮಣ್ಣಿನ ದಿಬ್ಬದಲ್ಲಿ ಸಿಕ್ಕಿದ ಈ ಪಟಗಳನ್ನು 19ನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದನು. ಕದಂಬ ದೊರೆಗಳು ವೈದಿಕರು. ಅಶ್ವಮೇಧ ಮಾಡಿದ ವಂಶದವರು. ಆದರೂ ಮೃಗೇಶವರ್ಮನು ತೀರಿಹೋದ ತಂದೆಯ ಹೆಸರಿನಲ್ಲಿ ಈ ಊರಿನಲ್ಲಿ ಜಿನಾಲಯವನ್ನು ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕರೆಂಬ ಮೂರು ಪಂಗಡದ ಮುನಿಗಳಿಗೆ ಬಿಟ್ಟನು. ಆತನ ಮಗ ರವಿವರ್ಮನು ಕಾರ್ತಿಕ ಮಾಸದಲ್ಲಿ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕೆಂದು ಒಂದು ಹಳ್ಳಿಯ ಆದಾಯವನ್ನೇ ಮೀಸಲಿಟ್ಟನು.

ಇದನ್ನು ಕೇಳಿ ಗೆಳೆಯನ ಮುಖ ಅರಳಿತು. “ಅಂದ್ರ ನಮ್ಮ ಮನ್ಯಾಗ ಈಗ ನಡದದ್ದು, ಇದ ಹಬ್ಬ!” ಎಂದನು. ಊರಿನ ಸಣ್ಣ ಬಸದಿಯ ಗೋಡೆಯನ್ನು ಹಳೆಯ ನೆಂಟನ ಹೆಗಲನ್ನು ಮುಟ್ಟುವಂತೆ ಮುಟ್ಟಿದನು.

“ಯಾಪನೀಯರು ಅಂದ್ರ ಯಾರು ಕಾಕಾ? ಈಗ ಎಲ್ಲದಾರ?” ಎಂದು ಹುಡುಗಿ ಕೇಳಿದಳು.

ಈಗ ಎಲ್ಲಿಯೂ ಇಲ್ಲ. ಯಾಪನೀಯ ಮುನಿಗಳು ದಿಗಂಬರರಂತೆ ಬಟ್ಟೆಯನ್ನು ತೊರೆದಿದ್ದರು. ಆದರೆ ಶ್ವೇತಾಂಬರರಂತೆ ಸ್ತ್ರೀಯರಿಗೂ ಮೋಕ್ಷವುಂಟೆಂದು ನಂಬಿದ್ದರು. ಶತಮಾನಗಳ ಕಾಲ ಕರ್ನಾಟಕದಲ್ಲಿ ಬಾಳಿದ ಈ ಪಂಗಡ ಕ್ರಮೇಣ ದಿಗಂಬರರಲ್ಲಿ ಬೆರೆತುಹೋಯಿತು. ಇವರ ಚರಿತ್ರೆಯನ್ನು ಅಗೆದು ತೆಗೆದವರಲ್ಲಿ ಪ್ರಮುಖರು ಇದೇ ಬೆಳಗಾವಿ ಜಿಲ್ಲೆಯ ಸದಲಗದಲ್ಲಿ 1906ರಲ್ಲಿ ಹುಟ್ಟಿದ ಪ್ರೊಫೆಸರ್ ಎ. ಎನ್. ಉಪಾಧ್ಯೆ. ಬೆಳಗಾವಿಯ ದೊಡ್ಡ ಬಸದಿಯಲ್ಲಿ ಇಂದು ದಿಗಂಬರರು ಪೂಜಿಸುವ ನೇಮಿನಾಥನ ಮೂರ್ತಿ ಮೂಲತಃ ಯಾಪನೀಯರ ಬಸದಿಯದೆಂದು ಪೀಠದ ಬರಹ ಹೇಳುತ್ತದೆ.

ನಾನು ಇಷ್ಟನ್ನು ಹೇಳಿದೆ. ಗೆಳೆಯನು ಥಟ್ಟನೆ ತಿರುಗಿದನು.

“ದೊಡ್ಡ ಬಸದಿ ನೇಮಿನಾಥ ಸ್ವಾಮಿ? ನಾ ಸಣ್ಣಾವ ಇದ್ದಾಗಿಂದ ಕೈ ಮುಗಿಯೋ ಮೂರ್ತಿ?”

“ಹೌದು.”

“ಅಂದ್ರ ಅವ್ರು ತಮ್ಮ ಪಂಥಾ ಬಿಟ್ಟು ನಮ್ಮಾಗ ಬಂದ್ರೋ, ನಾವ ಅವರ ದೇವರ ಹತ್ರ ಹ್ವಾದಿವೋ?”

ಆತನಿಗೆ ಉತ್ತರ ಕೊಟ್ಟವಳು ಮಗಳು. “ಯಾರಿಗ್ಗೊತ್ತಪ್ಪಾ. ಒಂದ ದಿನದಾಗ ಯಾರೂ ಬಿಟ್ಟಿರಾಕಿಲ್ಲ. ಮೂರ್ತಿ ಅಂತೂ ಯಾರನೂ ಹೊರಗ ಹಾಕಿಲ್ಲ.”

ಗೆಳೆಯನು ನಕ್ಕನು. ಬಹಳ ಹೊತ್ತಾದ ಮೇಲೆ, ಕೆರೆಯ ಕಡೆಗೆ ನಡೆಯುತ್ತ, ಮಗಳಿಗೆ ಕೇಳಿಸುವಂತೆ ನನ್ನೊಡನೆ ಹೇಳಿದನು: “ನಾ ಒಂದು ತಪ್ಪು ಮಾಡಿದೆ ನೋಡು. ಇಕಿ ಹ್ವಾದಾಗ ನಾ ಸೋತೆ ಅಂದುಕೊಂಡೆ. ಬಿಟ್ಟಾಗ ಗೆದ್ದೆ ಅಂದುಕೊಂಡೆ. ಇಕಿ ಸುಖದಾಗ ಅದಾಳೋ ಇಲ್ಲೋ ಅಂತ ಎರಡೂ ಸಲ ಕೇಳಲೇ ಇಲ್ಲ.”

ಹುಡುಗಿ ನಿಂತಳು. “ಈಗ ಕೇಳಪ್ಪಾ,” ಎಂದಳು.

“ಸುಖದಾಗ ಅದೀಯೇನವ್ವಾ?”

“ಅಲ್ಲಿದ್ದಾಗ ಇತ್ತು. ಅದು ಸುಳ್ಳಲ್ಲ. ಬಿಟ್ಟ ಮ್ಯಾಲೂ ಒಂದು ನಮೂನಿ ಸಮಾಧಾನ ಐತಿ. ಅದೂ ಸುಳ್ಳಲ್ಲ. ಮಧ್ಯಾಹ್ನ ಅಷ್ಟ, ಭಾನುವಾರ ಮಧ್ಯಾಹ್ನ ಅಷ್ಟ ಕಷ್ಟ.”

ಗೆಳೆಯನು ಬಸದಿಗೆ ಬಾರೆಂದು ಹೇಳಲಿಲ್ಲ. “ಭಾನುವಾರ ಮಧ್ಯಾಹ್ನ ನನಗ ಫೋನು ಮಾಡು,” ಎಂದನು. “ಇಲ್ಲಿ ಅಷ್ಟೊತ್ತಿಗೆ ನಡುರಾತ್ರಿ ಆಗಿರತೈತಿ. ಆದ್ರೇನಾತು, ನನಗೂ ಈಗ ನಿದ್ದಿ ಕಡಿಮಿ.”

ವಾಚಕರೆ, ನಮ್ಮ ನಿಮ್ಮ ಮನೆಗಳಲ್ಲಿಯೂ ಈ ಪ್ರಶ್ನೆ ಇಂದಲ್ಲ ನಾಳೆ ಬಂದೀತು. ಮಗನೊಬ್ಬನು ಪೂಜೆಯನ್ನು ಬಿಟ್ಟಾನು. ಸೊಸೆಯೊಬ್ಬಳು ಹೊಸ ಗುರುವನ್ನು ಹಿಡಿದಾಳು. ಮೊಮ್ಮಗಳು ಯಾವುದೂ ಬೇಡವೆಂದಾಳು. ಆಗ ನಾವು ಸಿದ್ಧಾಂತಗಳನ್ನು ತೂಗುತ್ತೇವೆ, ಯಾರ ದೇವರು ದೊಡ್ಡವನೆಂದು ವಾದಿಸುತ್ತೇವೆ. ಬಿಟ್ಟುಹೋದವರೆಲ್ಲ ದುಃಖಿಗಳೂ ಅಲ್ಲ, ಉಳಿದವರೆಲ್ಲ ಸುಖಿಗಳೂ ಅಲ್ಲ. ಮನಸ್ಸಿಗೆ ಸುಳ್ಳಾದದ್ದನ್ನು ಹಿಡಿದು ಉಳಿದವನಿಗೆ ನೆಮ್ಮದಿಯಿಲ್ಲ. ಸತ್ಯಕ್ಕಾಗಿಯೇ ಹೊರಟವನಿಗೂ ಜೊತೆಯಿಲ್ಲದಿದ್ದರೆ ದಾರಿ ಸಾಗದು. ಮೊದಲನೆಯದನ್ನು ಅವರವರೇ ಬಗೆಹರಿಸಿಕೊಳ್ಳಬೇಕು. ಎರಡನೆಯದು ಮಾತ್ರ ನಮ್ಮ ಕೈಯಲ್ಲಿದೆ.

ಹೊತ್ತು ಪಡುವಣಕ್ಕೆ ವಾಲಿತು. ದೇವಾಲಯದ ಹೊರಗಿನ ಮರದ ಕೆಳಗೆ ಬುತ್ತಿಯನ್ನು ಬಿಚ್ಚಿದೆವು: ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಕೊನೆಗೆ ಬೆಳಗಾವಿಯ ಕುಂದಾ. ಸೂರ್ಯನು ಮುಳುಗುವ ಮೊದಲೇ ಮೂವರೂ ಉಂಡು ಮುಗಿಸಿದೆವು. ಹುಡುಗಿ ಹೊತ್ತಿನೊಳಗೆ ಉಂಡದ್ದು ವ್ರತಕ್ಕಾಗಿಯಲ್ಲ. ತಂದೆ ಉಣ್ಣುವಾಗ ಜೊತೆಗೆ ಉಂಡಳು, ಅಷ್ಟೆ.

ಗೆಳೆಯನು ಎರಡು ಫ್ಲಾಸ್ಕುಗಳನ್ನೂ ಮುಂದಿಟ್ಟುಕೊಂಡನು. ಒಂದರಲ್ಲಿ ಚಹಾ, ಇನ್ನೊಂದರಲ್ಲಿ ಏಲಕ್ಕಿಯ ಹಾಲು. ಮಗಳ ಬದುಕಿನ ಏಳು ವರ್ಷ ಆ ಎರಡು ಮುಚ್ಚಳಗಳ ನಡುವೆ ಇದ್ದಂತೆ ಆತ ಕ್ಷಣಕಾಲ ತಡೆದನು.

“ಯಾವುದು ಹಾಕಲೆವ್ವಾ?”

“ಯಾವುದು ಬಿಸಿ ಐತಿ ಅದನ್ನ ಹಾಕಪ್ಪಾ,” ಎಂದಳು ಮಗಳು.

ಆತನು ಎರಡನ್ನೂ ತೆರೆದು ನೋಡಿದನು. ಎರಡೂ ಬಿಸಿಯಾಗಿಯೇ ಇದ್ದವು.